ಮಾತೆಂಬ ವಿದ್ಯೆ



ಇಂದಿನ ಚಿಂತನೆಯ ವಿಷಯ ಮಾತು. ಸಭೆಯಲ್ಲಿ ಆಡುವ ಮಾತಲ್ಲ, ಮನೆಯಲ್ಲಿ ಆಡುವ ಮಾತು. ಗಂಡ ಹೆಂಡತಿಯೊಡನೆ, ತಂದೆ ಮಗನೊಡನೆ, ಅತ್ತೆ ಸೊಸೆಯೊಡನೆ, ನೆರೆಯವರು ನೆರೆಯವರೊಡನೆ ಬೆಳಗಾದರೆ ಆಡುವ ಮಾತು. ಈ ಮಾತನ್ನು ಒಂದು ವಿದ್ಯೆಯೆಂದು ಕಾಲೇಜಿನಲ್ಲಿ ಕಲಿಸುತ್ತಾರೆ. ಅಮೆರಿಕೆಯ ಕಾಲೇಜುಗಳಲ್ಲಿ ಇದಕ್ಕೆ ಪಾಠಕ್ರಮವಿದೆ, ಪುಸ್ತಕಗಳಿವೆ, ಅಧ್ಯಾಪಕರಿದ್ದಾರೆ, ಪರೀಕ್ಷೆಯೂ ಇದೆ. ಇಂಟರ್‌ಪರ್ಸನಲ್ ಕಮ್ಯುನಿಕೇಶನ್ ಎಂದು ಅದರ ಹೆಸರು. ವ್ಯಕ್ತಿ ವ್ಯಕ್ತಿಗಳ ನಡುವಿನ ಮಾತುಕತೆ ಎಂದು ಅದರ ಅರ್ಥ.

ಇದನ್ನು ಕೇಳಿದ ರೈತ ತಂದೆಗೆ ನಗು ಬರುತ್ತದೆ. "ಮಾತಾಡೂದನ್ನೂ ರೊಕ್ಕಾ ಕೊಟ್ಟು ಕಲೀಬೇಕೇನು?" ಎಂದು ಆತ ಕೇಳುತ್ತಾನೆ. ಪ್ರಶ್ನೆ ಸರಿಯಾದುದೇ. ಕೂಸು ಎರಡು ವರ್ಷಕ್ಕೆ ಮಾತಾಡುತ್ತದೆ. ಅದನ್ನು ಯಾರೂ ಶಾಲೆಗೆ ಕಳಿಸಿರುವುದಿಲ್ಲ.

ಆದರೆ ವಿಚಾರ ಮಾಡಿ. ಬಾಯಿ ಇದ್ದವರಿಗೆ ಮಾತು ಬರುತ್ತದೆ. ಮಾತಿನಿಂದ ಕೂಡಿ ಬಾಳುವುದು ಎಲ್ಲರಿಗೂ ಬರುತ್ತದೆಯೇ? ಬಂದಿದ್ದರೆ ಒಂದೇ ತಾಯಿಯ ಮಕ್ಕಳು ಕೋರ್ಟಿನ ಕಟ್ಟೆಯ ಮೇಲೆ ಬೆನ್ನಿಗೆ ಬೆನ್ನು ಮಾಡಿ ಕೂಡುತ್ತಿದ್ದರೇ? ಒಂದೇ ಸೂರಿನ ಕೆಳಗೆ ಎರಡು ಒಲೆ ಉರಿಯುತ್ತಿದ್ದವೇ? ಕೈ ಎಲ್ಲರಿಗೂ ಇವೆ. ಆದರೆ ಮಗ್ಗದ ಮೇಲೆ ಕೂಡ್ರಿಸಿದರೆ ಎಲ್ಲರಿಗೂ ಸೀರೆ ನೇಯಲು ಬರುವುದಿಲ್ಲ. ನೂಲು ಹರಿಯದ ಹಾಗೆ, ಗಂಟು ಬೀಳದ ಹಾಗೆ ಕೈಯಾಡಿಸುವುದನ್ನು ಕಲಿಯಬೇಕು. ಸಂಬಂಧವೂ ನೂಲಿನಂಥದು. ಅದರ ಮೇಲೆ ಆಡುವ ಲಾಳಿಯೇ ಮಾತು.

ಈ ವಿದ್ಯೆ ಹುಟ್ಟಿದ ಬಗೆ ಸ್ವಾರಸ್ಯವಾಗಿದೆ. 1914ರಲ್ಲಿ ಶಿಕಾಗೋ ನಗರದಲ್ಲಿ 17 ಜನ ಅಧ್ಯಾಪಕರು ಇಂಗ್ಲಿಷ್ ಅಧ್ಯಾಪಕರ ಸಂಘದಿಂದ ಹೊರಬಂದು ತಮ್ಮದೇ ಒಂದು ಸಂಘ ಕಟ್ಟಿದರು. ಬರೆಯುವುದನ್ನು ಕಲಿಸಿದ ಹಾಗೆ ಮಾತನಾಡುವುದನ್ನೂ ಕಲಿಸಬೇಕು ಎಂಬುದು ಅವರ ಹಟ. ಆದರೆ ಅವರ ಕಣ್ಣು ಇದ್ದದ್ದು ವೇದಿಕೆಯ ಮೇಲೆ. ಭಾಷಣ ಹೇಗೆ ಮಾಡಬೇಕು, ವಾದ ಹೇಗೆ ಗೆಲ್ಲಬೇಕು, ಇದೇ ಪಾಠ. ಸುಮಾರು ಐವತ್ತು ವರ್ಷ ಕಳೆದ ಮೇಲೆ, 1960 ಮತ್ತು 1970ರ ದಶಕಗಳಲ್ಲಿ, ವಿದ್ವಾಂಸರ ದೃಷ್ಟಿ ವೇದಿಕೆಯಿಂದ ಇಳಿದು ಮನೆಯೊಳಗೆ ಬಂತು. ಮನುಷ್ಯ ತನ್ನ ಆಯುಷ್ಯದಲ್ಲಿ ಎಷ್ಟು ಭಾಷಣ ಮಾಡುತ್ತಾನೆ? ಹೆಚ್ಚಿನವರು ಒಂದನ್ನೂ ಮಾಡುವುದಿಲ್ಲ. ಮನೆಯಲ್ಲಿ ಎಷ್ಟು ಮಾತಾಡುತ್ತಾನೆ? ಅದಕ್ಕೆ ಲೆಕ್ಕವಿಲ್ಲ. ಬದುಕು ಕಟ್ಟುವುದೂ ಕೆಡುವುದೂ ಈ ಲೆಕ್ಕವಿಲ್ಲದ ಮಾತಿನಲ್ಲಿಯೇ. 1984ರಲ್ಲಿ ಇಂಥ ನಿತ್ಯದ ಸಂಬಂಧಗಳ ಅಧ್ಯಯನಕ್ಕೆಂದೇ ಒಂದು ವಿದ್ವತ್ ಪತ್ರಿಕೆ ಕೂಡ ಪ್ರಾರಂಭವಾಯಿತು.

ಇನ್ನು ಆ ತರಗತಿಯಲ್ಲಿ ಏನು ಕಲಿಸುತ್ತಾರೆ? ಮೂರು ಪಾಠಗಳನ್ನು ನೋಡೋಣ.

ಮೊದಲನೆಯ ಪಾಠ: ಮಾತಾಡದೆ ಇರುವುದೂ ಮಾತೇ. ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋ ಎಂಬ ಊರಿನಲ್ಲಿ ಪಾಲ್ ವಾಟ್ಸ್‌ಲಾವಿಕ್ ಎಂಬ ವಿದ್ವಾಂಸ ತನ್ನ ಇಬ್ಬರು ಸಹೋದ್ಯೋಗಿಗಳ ಜೊತೆಗೂಡಿ 1967ರಲ್ಲಿ ಒಂದು ಪುಸ್ತಕ ಬರೆದ. ಮನುಷ್ಯ ಎದುರಿನವನಿಗೆ ಏನನ್ನೂ ತಿಳಿಸದೆ ಇರಲಾರ ಎಂದು ಆ ಪುಸ್ತಕ ಹೇಳುತ್ತದೆ. ತಂದೆ ಹೊಲದಿಂದ ಬಂದ. ಮಗ ಮಂಚದ ಮೇಲೆ ಮೊಬೈಲ್ ನೋಡುತ್ತಿದ್ದಾನೆ. ತಲೆ ಎತ್ತಲಿಲ್ಲ. "ನಾನೇನೂ ಅನ್ನಲಿಲ್ಲವಲ್ಲ" ಎಂದು ಮಗ ಹೇಳಬಹುದು. ನೀನು ಅಂದಿರುವೆಯಪ್ಪಾ. ನೀ ಬಂದದ್ದು ನನಗೆ ದೊಡ್ಡದಲ್ಲ ಎಂದು ಅಂದಿರುವೆ. ಬಾಯಿ ಸುಮ್ಮನಿತ್ತು, ಆದರೆ ತಗ್ಗಿದ ತಲೆ ಮಾತಾಡಿತು.

ಅದೇ ಪುಸ್ತಕ ಇನ್ನೊಂದು ಸಂಗತಿ ಹೇಳುತ್ತದೆ. ಪ್ರತಿಯೊಂದು ಮಾತಿನಲ್ಲಿ ಎರಡು ಪದರಗಳಿವೆ. ಒಂದು ವಿಷಯ, ಇನ್ನೊಂದು ಸಂಬಂಧ. ನಮ್ಮ ಊರುಗಳಲ್ಲಿ ದಾರಿಯಲ್ಲಿ ಸಿಕ್ಕವರು "ಊಟಾ ಆತೇನ್ರಿ?" ಎಂದು ಕೇಳುತ್ತಾರೆ. ಅವರಿಗೆ ನಿಮ್ಮ ರೊಟ್ಟಿಯ ಲೆಕ್ಕ ಬೇಕಾಗಿದೆಯೇ? ಇಲ್ಲ. ನೀವು ನಮ್ಮವರು ಎಂದು ಹೇಳುವುದು ಅವರಿಗೆ ಬೇಕಾಗಿದೆ. ವಿಷಯ ಊಟ, ಸಂಬಂಧ ಪ್ರೀತಿ. ಮನೆಯ ಜಗಳಗಳೂ ಹೀಗೆಯೇ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಜಗಳ ನಡೆದಿರುತ್ತದೆ. ನಿಜವಾಗಿ ಅದು ಉಪ್ಪಿನ ಜಗಳವಲ್ಲ. ಈ ಮನೆಯಲ್ಲಿ ನನ್ನ ಬೆಲೆ ಎಷ್ಟು ಎಂಬ ಜಗಳ. ಉಪ್ಪನ್ನು ಕಡಿಮೆ ಮಾಡಿದರೆ ಅದು ನಿಲ್ಲುವುದಿಲ್ಲ.

ಮೂರನೆಯದೊಂದು ಸಂಗತಿಯನ್ನೂ ಆ ಪುಸ್ತಕ ತೋರಿಸಿಕೊಡುತ್ತದೆ. ಜಗಳವಾಡುವ ಇಬ್ಬರೂ ಒಂದೇ ಕಥೆಯನ್ನು ಬೇರೆ ಬೇರೆ ಕಡೆಯಿಂದ ಎಣಿಸತೊಡಗುತ್ತಾರೆ. ಇದಕ್ಕೆ ಒಂದು ಕಥೆ ಹೇಳೋಣ.

ಒಂದು ಊರು. ಅಲ್ಲಿ ಇಬ್ಬರು ಅಣ್ಣತಮ್ಮಂದಿರು. ಹೊಲ ಪಾಲಾಗಿತ್ತು, ಬಾವಿ ಪಾಲಾಗಿರಲಿಲ್ಲ. ನೀರಿಗೆ ಪಾಳಿ ಹಚ್ಚಿಕೊಂಡಿದ್ದರು. ಒಂದು ರಾತ್ರಿ ಕರೆಂಟು ತಡವಾಗಿ ಬಂತು. ಅಣ್ಣನ ಪಾಳಿ ಬೆಳಗಿನವರೆಗೆ ನಡೆಯಿತು. ತಮ್ಮ ಬಂದು ನೋಡಿದ, ತನ್ನ ಕಬ್ಬು ಒಣಗಿ ನಿಂತಿತ್ತು. ಏನೂ ಕೇಳಲಿಲ್ಲ. ಆದರೆ ಮರುದಿನ ಅಣ್ಣ ಎದುರಿಗೆ ಬಂದಾಗ ಮುಖ ತಿರುವಿದ. ಅಣ್ಣನಿಗೆ ಅದು ನಾಟಿತು. ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆ ತಮ್ಮನನ್ನು ಕರೆಯಲಿಲ್ಲ. ಕರೆಯಲಿಲ್ಲವೆಂದು ತಮ್ಮ ಬಾವಿಯ ದಾರಿಗೆ ಮುಳ್ಳು ಹಚ್ಚಿದ. ಹೀಗೆ ಹನ್ನೆರಡು ವರ್ಷ. ಕಡೆಗೆ ಮುದುಕಿ ತಾಯಿ ಇಬ್ಬರನ್ನೂ ಎದುರಿಗೆ ಕೂಡ್ರಿಸಿ ಕೇಳಿದಳು: "ಮೊದಲ ಮಾಡಿದಾಂವ ಯಾರೋ?" ಇಬ್ಬರೂ ಒಬ್ಬರನ್ನೊಬ್ಬರು ತೋರಿಸಿದರು. ಅಣ್ಣ ಮುಖ ತಿರುವಿದ ದಿನದಿಂದ ಎಣಿಸುತ್ತಿದ್ದ, ತಮ್ಮ ನೀರಿನ ರಾತ್ರಿಯಿಂದ ಎಣಿಸುತ್ತಿದ್ದ. ತಾಯಿ ಅಂದಳು: "ಕರೆಂಟ್ ತಡಾ ಬಂತಂತ ನೀ ಹೇಳಿದ್ದೇನು?" ಅಣ್ಣ ತಲೆ ತಗ್ಗಿಸಿದ. "ಯಾಕ ತಡಾ ಆತಂತ ನೀ ಕೇಳಿದ್ದೇನು?" ತಮ್ಮ ತಲೆ ತಗ್ಗಿಸಿದ. ಒಬ್ಬ ಹೇಳಲಿಲ್ಲ, ಒಬ್ಬ ಕೇಳಲಿಲ್ಲ. ಎರಡು ಮಾತಿನಲ್ಲಿ ಮುಗಿಯುವುದಕ್ಕೆ ಹನ್ನೆರಡು ವರ್ಷ ಹಿಡಿಯಿತು. ಆ ತಾಯಿ ಯಾವ ಕಾಲೇಜಿಗೂ ಹೋಗಿರಲಿಲ್ಲ. ಆದರೆ ಆಕೆ ಕೇಳಿದ್ದು ಕಾಲೇಜಿನ ಪಾಠವನ್ನೇ.

ಎರಡನೆಯ ಪಾಠ: ಕೇಳುವುದು. ನಾವೆಲ್ಲ ಮಾತು ಕಲಿಯಬೇಕೆನ್ನುತ್ತೇವೆ. ಆದರೆ ಮಾತಿನ ಅರ್ಧ ಭಾಗ ಕಿವಿಯಲ್ಲಿದೆ. ಅಮೆರಿಕೆಯ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ರಾಲ್ಫ್ ನಿಕೋಲ್ಸ್ ಎಂಬ ಅಧ್ಯಾಪಕರಿದ್ದರು. ಜನ ಎಷ್ಟು ಕೇಳಿಸಿಕೊಳ್ಳುತ್ತಾರೆಂದು ಅವರು ಪರೀಕ್ಷೆ ಮಾಡಿದರು. ಉಪನ್ಯಾಸ ಮುಗಿದ ತಕ್ಷಣ ವಿಚಾರಿಸಿದರೂ ಸಾಮಾನ್ಯ ಮನುಷ್ಯನಿಗೆ ನೆನಪಿರುವುದು ಸುಮಾರು ಅರ್ಧ ಮಾತ್ರ. ಎರಡು ತಿಂಗಳು ಕಳೆದರೆ ಕಾಲು ಭಾಗ! ಪ್ರವಚನ ಹೇಳುವವರು ಇದನ್ನು ನೆನಪಿನಲ್ಲಿಡಬೇಕು. (ನಗು) ಕಾರಣವನ್ನೂ ಅವರು ಹೇಳಿದರು. ಮನುಷ್ಯ ಮಿನಿಟಿಗೆ ಸುಮಾರು 125 ಶಬ್ದ ಆಡುತ್ತಾನೆ. ಮನಸ್ಸು ಅದಕ್ಕಿಂತ ಬಹಳ ವೇಗವಾಗಿ ಓಡುತ್ತದೆ. ನಡುವೆ ಉಳಿದ ಸಮಯದಲ್ಲಿ ಅದು ಪೇಟೆಗೆ ಹೋಗಿ ಬರುತ್ತದೆ. ಹೆಂಡತಿ ಹೇಳುತ್ತಿರುತ್ತಾಳೆ, ಗಂಡ "ಹೂಂ, ಹೂಂ" ಎನ್ನುತ್ತಿರುತ್ತಾನೆ, ಮನಸ್ಸು ಹತ್ತಿಯ ದರದಲ್ಲಿರುತ್ತದೆ.

ಇದಕ್ಕೆ ಉಪಾಯವೇನು? ಕಾರ್ಲ್ ರೋಜರ್ಸ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಸಣ್ಣ ಅಭ್ಯಾಸ ಹೇಳಿಕೊಟ್ಟರು. ಇಬ್ಬರಲ್ಲಿ ಭಿನ್ನಾಭಿಪ್ರಾಯ ಬಂದಾಗ ಒಂದು ನಿಯಮ ಇಟ್ಟುಕೊಳ್ಳಿ. ಎದುರಿನವರು ಹೇಳಿದ್ದನ್ನು ಮೊದಲು ನಿಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಅವರು "ಹೌದು, ನಾ ಅಂದದ್ದು ಅದನ್ನೇ" ಎಂದು ಒಪ್ಪಬೇಕು. ಆಮೇಲೆಯೇ ನಿಮ್ಮ ವಾದ. ಎಷ್ಟು ಸುಲಭ! ಇಂದು ರಾತ್ರಿ ಮನೆಯಲ್ಲಿ ಮಾಡಿ ನೋಡಿ. ನಾವು ಉತ್ತರಕ್ಕಾಗಿ ಕೇಳುತ್ತೇವೆ, ತಿಳಿಯಲಿಕ್ಕಾಗಿ ಕೇಳುವುದಿಲ್ಲ ಎಂಬುದು ಆಗ ಗೊತ್ತಾಗುತ್ತದೆ. ಎದುರಿನವರ ಮಾತು ಮುಗಿಯುವ ಮೊದಲೇ ನಮ್ಮ ಉತ್ತರ ಬಾಗಿಲಲ್ಲಿ ಬಂದು ನಿಂತಿರುತ್ತದೆ.

ಮೂರನೆಯ ಪಾಠ: ಸಣ್ಣ ಕರೆಗೆ ಓಗೊಡುವುದು. ಇದು ಎಲ್ಲಕ್ಕಿಂತ ದೊಡ್ಡ ಪಾಠ. ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಜಾನ್ ಗಾಟ್‌ಮನ್ ಎಂಬ ವಿದ್ವಾಂಸರು ಹೊಸದಾಗಿ ಮದುವೆಯಾದ ದಂಪತಿಗಳ ಮಾತುಕತೆಯನ್ನು ಸೂಕ್ಷ್ಮವಾಗಿ ಗಮನಿಸಿದರು. ಆರು ವರ್ಷಗಳ ಮೇಲೆ ಅವರಲ್ಲಿ ಯಾರು ಕೂಡಿದ್ದಾರೆ, ಯಾರು ಬೇರೆಯಾಗಿದ್ದಾರೆ ಎಂದು ನೋಡಿದರು. ಭೇದ ಎಲ್ಲಿತ್ತು? ಹಣದಲ್ಲಿ ಅಲ್ಲ, ಸಣ್ಣ ಸಣ್ಣ ಕರೆಗಳಲ್ಲಿ ಅವರಿಗೆ ಅದು ಕಂಡಿತು. ಒಬ್ಬರು ಏನೋ ಅಂದಾಗ ಇನ್ನೊಬ್ಬರು ಅತ್ತ ತಿರುಗಿದರೋ ಇಲ್ಲವೋ? ಕೂಡಿ ಉಳಿದವರು ಇಂಥ 100 ಕರೆಗಳಲ್ಲಿ 86ಕ್ಕೆ ಓಗೊಟ್ಟಿದ್ದರು. ಬೇರೆಯಾದವರು 33ಕ್ಕೆ ಮಾತ್ರ. ಗಾಟ್‌ಮನ್ನರು ಕೊಟ್ಟ ಲೆಕ್ಕ ಇದು.

ಈ ಕರೆ ಎಂದರೆ ಏನು? ಮಗ ರಜೆಗೆ ಊರಿಗೆ ಬಂದಿದ್ದಾನೆ. ತಾಯಿ ಜೋಳ ಹಸನು ಮಾಡುತ್ತ ಅನ್ನುತ್ತಾಳೆ: "ಈ ಸಲಾ ಬೇವಿನ ಗಿಡಾ ಭಾಳ ಹೂ ಬಿಟ್ಟೈತಿ ನೋಡು." ಆಕೆ ಗಿಡದ ಸುದ್ದಿ ಹೇಳುತ್ತಿಲ್ಲ. ಮಗನನ್ನು ಕರೆಯುತ್ತಿದ್ದಾಳೆ. ಆರು ತಿಂಗಳು ಒಬ್ಬಳೇ ನೋಡಿದ ಗಿಡವನ್ನು ಇಂದು ನಿನ್ನ ಜೊತೆ ನೋಡಬೇಕೆಂದಿದ್ದಾಳೆ. ಮಗ ಕಣ್ಣೆತ್ತಿ "ಹೌದಲ್ಲಾ ಅವ್ವಾ" ಎಂದರೆ ಸಾಕು. ಒಂದು ಗಳಿಗೆಯ ಕೆಲಸ. ಎತ್ತದಿದ್ದರೆ ಆಕೆ ಸಿಟ್ಟಾಗುವುದಿಲ್ಲ. ಜೋಳ ಹಸನು ಮಾಡುತ್ತಲೇ ಇರುತ್ತಾಳೆ. ಆದರೆ ಮುಂದಿನ ಸಲ ಕರೆಯುವುದು ಕಡಿಮೆಯಾಗುತ್ತದೆ. ಒಂದು ದಿನ ಕರೆಯುವುದೇ ನಿಲ್ಲುತ್ತದೆ. ಆಗ ಮಗ ಅನ್ನುತ್ತಾನೆ, "ನಮ್ಮವ್ವ ಈಗೀಗ ಮಾತೇ ಆಡುವುದಿಲ್ಲ." ಆಕೆ ಆಡಿದ್ದಳಪ್ಪಾ, ಬಹಳ ಸಲ ಆಡಿದ್ದಳು.

ಕಾಲೇಜಿಗೆ ಹೋಗುವ ಮಕ್ಕಳಿಗೆ ಎರಡು ಎಚ್ಚರಿಕೆಯ ಮಾತು ಹೇಳಬೇಕು. ಒಂದು, ಅರ್ಧ ಕಲಿತ ವಿದ್ಯೆಯನ್ನು ಹಂಚಬಾರದು. ಮಾತಿನಲ್ಲಿ ಶಬ್ದಕ್ಕೆ ನೂರಕ್ಕೆ 7 ಭಾಗ ಮಾತ್ರ ಬೆಲೆ, ಉಳಿದ 93 ಭಾಗ ದನಿ ಮತ್ತು ಮುಖಭಾವದ್ದು ಎಂದು ಬಹಳ ಜನ ಹೇಳುತ್ತಾರೆ. ಆಲ್ಬರ್ಟ್ ಮೆಹ್ರೇಬಿಯನ್ ಎಂಬ ವಿದ್ವಾಂಸರು 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಈ ಅಂಕಿ ಬಂತು. ಆದರೆ ಆ ಪ್ರಯೋಗಗಳು ಪ್ರೀತಿ, ಅಪ್ರೀತಿಯಂಥ ಭಾವ ತಿಳಿಯುವುದಕ್ಕೆ ಸಂಬಂಧಿಸಿದವು. ಎಲ್ಲ ಮಾತಿಗೂ ಈ ಲೆಕ್ಕ ಹೊಂದುವುದಿಲ್ಲವೆಂದು ಅವರೇ ಹೇಳಿದ್ದಾರೆ. ಹೊಂದುವಂತಿದ್ದರೆ ಚೀನೀ ಭಾಷೆಯ ಪ್ರವಚನ ಕೇಳಿದರೂ ನಿಮಗೆ ನೂರಕ್ಕೆ 93 ತಿಳಿಯಬೇಕಾಗಿತ್ತು!

ಎರಡನೆಯದು, ಈ ವಿದ್ಯೆಯನ್ನು ಆಯುಧ ಮಾಡಬಾರದು. ಪಾಠ ಕಲಿತು ಬಂದ ಮಗ "ಅಪ್ಪಾ, ನಿನಗ ಕೇಳೂದು ಗೊತ್ತಿಲ್ಲ" ಎಂದರೆ ಆತ ಪಾಠ ಕಲಿತಿಲ್ಲ. ಕಚೇರಿಯಲ್ಲಿ ಗಿರಾಕಿಗಳೊಡನೆ ಬೆಣ್ಣೆಯಂತೆ ಮಾತಾಡಿ, ಮನೆಗೆ ಬಂದು ಹೆಂಡತಿಯೊಡನೆ ಕಲ್ಲಿನಂತೆ ಕೂಡುವವನು ಕಲಿತದ್ದು ವ್ಯಾಪಾರ. ಮಾತು ಕಲಿತದ್ದಲ್ಲ. ಶರಣರ ನುಡಿಗೆ ವಚನವೆಂದು ಹೆಸರು. ವಚನವೆಂದರೆ ಮಾತು. ಕೊಟ್ಟ ಭಾಷೆಗೂ ವಚನವೆಂದೇ ಹೆಸರು. ಆಡಿದ್ದನ್ನು ಬಾಳಿ ತೋರಿಸಿದಾಗಲೇ ಅದು ಮಾತು.

ಹಿರಿಯರಿಗೂ ಒಂದು ಮಾತು. ಮಕ್ಕಳು ಕರೆಯುತ್ತಿಲ್ಲವೆಂದು ದೂರುವ ಮೊದಲು ನಾವು ಅವರ ಕರೆಗೆ ಓಗೊಟ್ಟಿದ್ದೆವೇ ಎಂದು ನೋಡಿಕೊಳ್ಳಬೇಕು. ಐದು ವರ್ಷದ ಮಗು ಕಪ್ಪೆ ತೋರಿಸಲು ಬಂದಾಗ "ಹೋಗು ಅತ್ಲಾಗ" ಎಂದವರು, ಇಪ್ಪತ್ತು ವರ್ಷದ ಮಗ ತನ್ನ ಕಷ್ಟ ಹೇಳಲಿಲ್ಲವೆಂದು ಅಳುವುದು ಹೇಗೆ? ಆ ಕಷ್ಟ ಹೇಳುವ ಬಾಗಿಲು ಕಪ್ಪೆ ತಂದ ದಿನವೇ ಮುಚ್ಚಿತ್ತು. ಪರೀಕ್ಷೆಯಲ್ಲಿ ನಪಾಸಾದ ಹುಡುಗ, ಗಂಡನ ಮನೆಯಲ್ಲಿ ನೊಂದ ಹುಡುಗಿ ಮೊದಲು ಯಾರಿಗೆ ಹೇಳಬೇಕು? ಹೇಳಲು ಒಬ್ಬರಿದ್ದರೆ ಜೀವ ಉಳಿಯುತ್ತದೆ. ತಾಯಂದಿರೇ, ಇದನ್ನೂ ತಿಳಿದಿರಿ: ಹೊಡೆತಕ್ಕೆ, ವರದಕ್ಷಿಣೆಯ ಕಾಟಕ್ಕೆ ತಾಳ್ಮೆಯಿಂದ ಕೇಳಿಸಿಕೊಳ್ಳುವುದು ಮದ್ದಲ್ಲ. ಅಲ್ಲಿ ಕೇಳಿಸಿಕೊಳ್ಳಬೇಕಾದವರು ತವರಿನವರು, ಊರಿನ ಹಿರಿಯರು, ಕಾನೂನು. ಮಗಳು ಫೋನಿನಲ್ಲಿ "ಎಲ್ಲಾ ಆರಾಮ" ಎಂದಾಗ ಆ ಮಾತಿನ ಎರಡನೆಯ ಪದರವನ್ನು ಕೇಳಿ.

ಇಂಥ ಪಾಠ ಕಲಿಸುವ ಕೆಲವು ಅಧ್ಯಾಪಕರು ವಿದ್ಯಾರ್ಥಿಗಳಿಗೆ ದಿನಚರಿ ಬರೆಯಲು ಹೇಳುತ್ತಾರೆ. ಇಂದು ಯಾರೊಡನೆ ಏನು ಆಡಿದೆ, ಅವರು ಏನು ಅಂದರು, ನಾನು ಹೇಗೆ ಕೇಳಿದೆ? ನೀವೂ ಎಂಟು ದಿನ ಬರೆದು ನೋಡಿ. ಬರೆಯಲು ಬಾರದವರು ಮಲಗುವಾಗ ನೆನೆಸಿಕೊಳ್ಳಿ. ಇಂದು ಮನೆಯಲ್ಲಿ ನನ್ನನ್ನು ಯಾರು ಕರೆದರು? ನಾನು ಎಷ್ಟು ಕರೆಗೆ ತಿರುಗಿದೆ? ಕಾಲೇಜಿನ ಪರೀಕ್ಷೆ ವರ್ಷಕ್ಕೆ ಎರಡು ಸಲ. ಈ ಪರೀಕ್ಷೆ ದಿನಾಲೂ ಇದೆ. ಪ್ರಶ್ನೆ ಬಹಳ ಸಣ್ಣ ದನಿಯಲ್ಲಿ ಬರುತ್ತದೆ. ಅದು ಕೇಳಿಸುವಷ್ಟು ನಮ್ಮ ಮನಸ್ಸು ನಿಶ್ಶಬ್ದವಾಗಿರಲಿ.