ಕೆಂಗೂದಲು ಯಾರ ಕಡೆಯಿಂದ ಬಂತು?

ಸ್ಕಾಟ್ಲೆಂಡಿನ ಯಾವುದೋ ಒಂದು ಮನೆ ಅಂದುಕೊಳ್ಳಿ. ಅಪ್ಪ, ಅಮ್ಮ ಇಬ್ಬರದೂ ಕಂದು ಕೂದಲು. ಹುಟ್ಟಿದ ಮಗುವಿನದು ಮಾತ್ರ ಅಪ್ಪಟ ಕೆಂಚುಗೂದಲು. ಇದು ಯಾರ ಕಡೆಯಿಂದ ಬಂತು ಅಂತ ನೆಂಟರು ಕೇಳದೆ ಬಿಡುತ್ತಾರೆಯೇ? ಇಬ್ಬರ ಕಡೆಯಿಂದಲೂ ಬಂತು ಅನ್ನುವುದೇ ಉತ್ತರ. ಅದನ್ನು ಖಚಿತವಾಗಿ ಹೇಳಲು ವಿಜ್ಞಾನಕ್ಕೆ ಹೆಚ್ಚುಕಡಿಮೆ ನೂರು ವರ್ಷ ಹಿಡಿಯಿತು.

ಗುಣಗಳು ತಲೆಮಾರಿನಿಂದ ತಲೆಮಾರಿಗೆ ಹೇಗೆ ದಾಟುತ್ತವೆ ಎಂದು ತಿಳಿಯಲು ವಿಜ್ಞಾನಿ ಮೆಂಡೆಲ್ ಬಟಾಣಿ ಗಿಡಗಳ ಮೇಲೆ ನಡೆಸಿದ ಪ್ರಯೋಗಗಳನ್ನು ಜಗತ್ತು ಮತ್ತೆ ಗಮನಿಸಿದ್ದು 1900ರಲ್ಲಿ. ಆಮೇಲೆ ಎಲ್ಲರಿಗೂ ಅದೇ ಗುಂಗು. ಅಮೆರಿಕದ ಚಾರ್ಲ್ಸ್ ಮತ್ತು ಗರ್ಟ್ರೂಡ್ ಡಾವೆನ್‌ಪೋರ್ಟ್ ದಂಪತಿ 1909ರಲ್ಲಿ ಮನುಷ್ಯರ ಕೂದಲಿನ ಬಣ್ಣಕ್ಕೂ ಆ ಲೆಕ್ಕವನ್ನೇ ಹಚ್ಚಿ ಲೇಖನ ಬರೆದರು: ಗಾಢ ಬಣ್ಣ ಪ್ರಬಲ, ತಿಳಿ ಬಣ್ಣ ದುರ್ಬಲ, ಅಂದರೆ ಅಪ್ಪ, ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ಕಾಣಿಸುವಂಥದ್ದು. ಚಾರ್ಲ್ಸ್ ಅಷ್ಟಕ್ಕೆ ನಿಲ್ಲಲಿಲ್ಲ. ಮರುವರ್ಷವೇ ನ್ಯೂಯಾರ್ಕ್ ರಾಜ್ಯದಲ್ಲಿ ಯೂಜೆನಿಕ್ಸ್ ದಾಖಲೆ ಕಚೇರಿ ತೆರೆದು, ಕುಟುಂಬಗಳನ್ನು ಒಳ್ಳೆಯ ವಂಶ, ಕೆಟ್ಟ ವಂಶ ಎಂದು ವಿಂಗಡಿಸಲು ಹೊರಟರು. ಕೂದಲಿನ ಲೆಕ್ಕವಾದರೂ ಅರ್ಧ ಸರಿಯಿತ್ತು; ಈ ವಂಶದ ಲೆಕ್ಕಕ್ಕೆ ಬುಡವೇ ಇರಲಿಲ್ಲ.

ಇಷ್ಟಕ್ಕೂ ಕೂದಲಿಗೆ ಬಣ್ಣ ಬರುವುದು ಎಲ್ಲಿ? ಬೇರಿನಲ್ಲಿ. ಅಲ್ಲಿರುವ ಮೆಲನೊಸೈಟ್ ಎಂಬ ಜೀವಕೋಶಗಳು ಎರಡು ಬಗೆಯ ಬಣ್ಣ ತಯಾರಿಸುತ್ತವೆ. ಯುಮೆಲನಿನ್ ಕಪ್ಪು-ಕಂದು, ಫಿಯೋಮೆಲನಿನ್ ಕೆಂಪು-ಹಳದಿ. ಯಾವುದನ್ನು ತಯಾರಿಸಬೇಕು ಎಂದು ಹಾರ್ಮೋನು ಕಳಿಸುವ ಸಂದೇಶವನ್ನು ಕೋಶದ ಹೊರಪದರದಲ್ಲಿರುವ ಒಂದು ಪ್ರೋಟೀನು ಹಿಡಿದುಕೊಳ್ಳುತ್ತದೆ. ಅದನ್ನು ರೂಪಿಸುವ ಜೀನ್ ಹೆಸರು ಎಂಸಿ1ಆರ್. ಅದು ಸೊರಗಿದರೆ ಕಪ್ಪು ಕುಗ್ಗಿ ಕೆಂಪು ಮೇಲುಗೈ ಪಡೆಯುತ್ತದೆ. ನಮ್ಮ ಬೀದಿಗಳಲ್ಲಿ ವಾಕಿಂಗ್‌ಗೆ ಬರುವ ಹಳದಿ ಲ್ಯಾಬ್ರಡಾರ್ ನಾಯಿಯ ಮೈಬಣ್ಣಕ್ಕೂ ಇದೇ ಜೀನ್ ಕಾರಣ!

ಇಲಿಗಳಲ್ಲಿ ಈ ಜೀನ್ 1990ರ ದಶಕದ ಆರಂಭದಲ್ಲೇ ಪತ್ತೆಯಾಗಿತ್ತು. ಮನುಷ್ಯರ ಕೆಂಗೂದಲಿಗೂ ಅದಕ್ಕೂ ಇರುವ ನಂಟನ್ನು ವಿಜ್ಞಾನಿ ಜೊನಾಥನ್ ರೀಸ್ ಮತ್ತು ಸಂಗಡಿಗರು 1995ರಲ್ಲಿ ತೋರಿಸಿದರು. ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಹೀಗೆ ಎರಡೂ ಪ್ರತಿಗಳು ಸೊರಗಿದವಾಗಿದ್ದರೆ ಕೆಂಗೂದಲು. ಮೆಂಡೆಲ್ ಗೆದ್ದ ಅನ್ನಿಸಿತು.

ಆದರೆ ಬ್ರಿಟನ್ನಿನ ಸುಮಾರು ಮೂರೂವರೆ ಲಕ್ಷ ಜನರ ಮಾಹಿತಿ ಜಾಲಾಡಿದ 2018ರ ಅಧ್ಯಯನ ಬೇರೆಯೇ ಕಥೆ ಹೇಳಿತು. ಅಂಥ ಎರಡು ಪ್ರತಿ ಇದ್ದವರಲ್ಲೂ ಹೆಚ್ಚಿನವರದು ಕೆಂಗೂದಲಲ್ಲ. ಪಕ್ಕದಲ್ಲಿ ಇನ್ನೂ ಹಲವು ಜೀನ್‌ಗಳು ಕೈಯಾಡಿಸುತ್ತಿವೆ.

ಹಾಗಾದರೆ ಒಂದೇ ಜೀನ್ ಬಣ್ಣ ಬದಲಿಸುವ ಉದಾಹರಣೆ ಇಲ್ಲವೇ? ಇದೆ, ಯಾರೂ ನಿರೀಕ್ಷಿಸದ ಕಡೆ. ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳಲ್ಲಿ ಕಡುಗಪ್ಪು ಮೈಬಣ್ಣದ, ಹೊಂಬಣ್ಣದ ಗುಂಗುರು ಕೂದಲಿನ ಮಕ್ಕಳು ಓಡಾಡುತ್ತಾರೆ. ಬಿಸಿಲಿಗೆ ಹೀಗಾಯಿತು, ಉಪ್ಪುನೀರಿಗೆ ಹೀಗಾಯಿತು, ಮೀನು ತಿಂದು ಹೀಗಾಯಿತು, ಹಡಗಿನಲ್ಲಿ ಬಂದ ಯೂರೋಪಿನವರ ರಕ್ತ ಬೆರೆತು ಹೀಗಾಯಿತು... ಊಹೆಗಳಿಗೇನು ಬರ! ಹೊಂಗೂದಲಿನ 43 ಮತ್ತು ಕಪ್ಪುಗೂದಲಿನ 42 ಜನರ ಡಿಎನ್‌ಎಯನ್ನು ಹೋಲಿಸಿ ನೋಡಿದಾಗ ಟಿವೈಆರ್‌ಪಿ1 ಎಂಬ ಒಂದೇ ಜೀನ್‌ನಲ್ಲಿ ವ್ಯತ್ಯಾಸ ಎದ್ದು ಕಂಡಿತು. ಅದರ ಡಿಎನ್‌ಎ ಬರಹದಲ್ಲಿ ಬದಲಾಗಿದ್ದು ಒಂದೇ ಒಂದು ಅಕ್ಷರ. ಫಲಿತಾಂಶ 2012ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಯೂರೋಪಿನ ಹೊಂಗೂದಲಿನವರಲ್ಲಿ ಈ ಬದಲಾವಣೆ ಇಲ್ಲ. ಅದು ಪೆಸಿಫಿಕ್ ದ್ವೀಪಗಳ ಜನರ ಸ್ವಂತ ಆಸ್ತಿ.