ಸಹಿಯಿಲ್ಲದ ಕರಾರು ಮತ್ತು ಗ್ರಾಹಕರ ಹಕ್ಕು



ಮುಂಬಯಿಯಲ್ಲಾಗಲಿ ದೆಹಲಿಯಲ್ಲಾಗಲಿ, ಬಾಡಿಗೆ ಮನೆ ಬದಲಿಸುವಾಗ ಬ್ರಾಡ್‌ಬ್ಯಾಂಡ್ ಸಂಪರ್ಕವನ್ನು ರದ್ದುಪಡಿಸಲು ಕೋರಿದರೆ, “ಒಂದು ವರ್ಷದ ಕರಾರಿದೆ, ಉಳಿದ ತಿಂಗಳುಗಳ ಹಣ ಕಟ್ಟಿ” ಎಂಬ ಉತ್ತರ ಬರುವುದುಂಟು. ತಾವು ಯಾವ ಕಾಗದಕ್ಕೂ ಸಹಿ ಹಾಕಿರುವುದಿಲ್ಲ. ಅಂತಹ ಕರಾರು ತಮ್ಮನ್ನು ಬಂಧಿಸುವುದೇ?

1872ರ ಭಾರತೀಯ ಕರಾರು ಕಾಯಿದೆಯ ಪ್ರಕಾರ ಕರಾರಿನ ಜೀವಾಳ ಸಮ್ಮತಿ. ಸಹಿ ಅದರ ಗುರುತು ಮಾತ್ರ. ಸೇವೆ ಪಡೆದು ಹಣ ತೆತ್ತರೆ ನಡತೆಯಿಂದಲೇ ಕರಾರು ಏರ್ಪಡುತ್ತದೆ. ಆದುದರಿಂದ ಬಳಸಿದ ದಿನಗಳ ಶುಲ್ಕವನ್ನು ಸಲ್ಲಿಸುವುದು ನ್ಯಾಯ. ಮೊಬೈಲಿಗೆ ಬಂದ ಓಟಿಪಿಯನ್ನು ಹೇಳುವುದೂ ಸಮ್ಮತಿಯೆನಿಸಬಹುದು. ಷರತ್ತುಗಳನ್ನು ಅರಿಯದೆ ಅದನ್ನು ನೀಡಬಾರದು. ಆದರೆ ಎಂದೂ ತಿಳಿಸದ ಷರತ್ತನ್ನು ಮುಂದೊಡ್ಡಿ ಹಣ ಕೇಳಿದಾಗ, ಸಮ್ಮತಿಯ ದಾಖಲೆಯನ್ನು ಲಿಖಿತವಾಗಿ ಕೇಳಿರಿ. ಮೌನವನ್ನೇ ಸಮ್ಮತಿಯೆಂದು ಹೇರಲು ಬರುವುದಿಲ್ಲ.

2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು, ಆದ ನಷ್ಟಕ್ಕೆ ಮೀರಿದ ದಂಡ ವಿಧಿಸುವ ಕರಾರನ್ನು ಅನ್ಯಾಯದ ಕರಾರೆಂದು ಪರಿಗಣಿಸುತ್ತದೆ. ಅಂತಹ ದೂರನ್ನು ರಾಜ್ಯ ಆಯೋಗವು ವಿಚಾರಿಸುತ್ತದೆ. ಸೇವಾಲೋಪದ ಸಣ್ಣ ಮೊತ್ತದ ದೂರುಗಳಿಗೆ ಜಿಲ್ಲಾ ಆಯೋಗವಿದೆ. ದೂರಸಂಪರ್ಕ ಸೇವೆಯ ವ್ಯಾಜ್ಯಗಳೂ ಗ್ರಾಹಕ ವೇದಿಕೆಗಳ ವ್ಯಾಪ್ತಿಗೆ ಸೇರಿವೆಯೆಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ಸ್ಪಷ್ಟಪಡಿಸಿದೆ.

ಮೊದಲು ಕಂಪನಿಗೆ ದೂರು ನೀಡಿ, ಅದರ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿರಿ. ಪರಿಹಾರ ದೊರೆಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿರಿ. ಎರಡು ವರ್ಷಗಳೊಳಗೆ, ತಾವು ಈಗ ವಾಸಿಸುವ ಊರಿನಲ್ಲಿಯೇ ಆಯೋಗಕ್ಕೆ ದೂರು ಸಲ್ಲಿಸಬಹುದು. ಊರು ಬದಲಾದರೂ ಹಕ್ಕು ತಮ್ಮ ಜೊತೆಗೇ ಬರುತ್ತದೆ.