ಗುರುವನ್ನು ಪರೀಕ್ಷಿಸಿ, ಆಮೇಲೆ ಬೆಟ್ಟ ಹತ್ತಿ

ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಬೆನ್ನಿಗೊಂದು ಚೀಲ ಏರಿಸಿ ಕುಮಾರಪರ್ವತ, ಕುದುರೆಮುಖ, ತಡಿಯಂಡಮೋಳ್ ಎಂದು ಹೊರಡುವ ನಿಮ್ಮನ್ನು ಕಂಡರೆ ನನಗೆ ಖುಷಿಯೇ. ಹೋಗಬೇಡಿ ಎನ್ನುವ ಹಿರಿಯರ ಸಾಲಿನಲ್ಲಿ ನಾನಿಲ್ಲ. ಹೋಗಿ. ಆದರೆ ಮಂಜು ಕವಿದು ದಾರಿ ತಪ್ಪಿದರೆ, ಜೊತೆಗಾತಿಯ ಕಾಲು ಉಳುಕಿದರೆ, ನೆಟ್‌ವರ್ಕ್ ಸಿಗದ ಕಣಿವೆಯಲ್ಲಿ ರಾತ್ರಿ ಕಳೆಯಬೇಕಾಗಿ ಬಂದರೆ ನಿಮ್ಮ ಕೈಗೆ ಯಾವ ಕೆಲಸ ಗೊತ್ತಿದೆ?

2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿತು. 9 ಮಂದಿ ಉಳಿಯಲಿಲ್ಲ. ತಂಡದ ಬಹುಪಾಲು ಮಂದಿ ನಮ್ಮ ಕರ್ನಾಟಕದವರು, ಬೆಟ್ಟ ಹತ್ತಿ ಪಳಗಿದವರೂ ಅವರಲ್ಲಿದ್ದರು. ಅನುಭವಿಗಳನ್ನೂ ಬಿಡದ ಚಳಿಗಾಳಿಯೆದುರು ನಾವು ನಾಲ್ಕು ವಿಡಿಯೊ ನೋಡಿದ ಧೈರ್ಯದಲ್ಲಿ ನಿಲ್ಲುತ್ತೇವೆಯೆ?

ವಿಡಿಯೊದಲ್ಲಿ ಬೆಂಕಿ ಅರೆಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ. ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ ಬೀಳುವ ಆಗುಂಬೆ ಸೀಮೆಯಲ್ಲಿ, ಜುಲೈ ತಿಂಗಳಲ್ಲಿ, ಯಾರದಾದರೂ ತೋಟದ ಅಂಚಿನಲ್ಲಿ ಅದನ್ನೇ ಮಾಡಿ ನೋಡಿ. ಕೈಗೆ ಸಿಗುವ ಪುಳ್ಳೆಯೆಲ್ಲ ತೊಯ್ದಿರುತ್ತದೆ. ಮಣಿಕಟ್ಟಿನ ದಪ್ಪದ ಒಣಗಿ ನಿಂತ ಕೊಂಬೆಯನ್ನು ಸೀಳಬೇಕು, ಒದ್ದೆ ಸಿಪ್ಪೆ ಕೆತ್ತಿ ಹಾಕಿ ಒಳಗಿನ ಒಣ ತಿರುಳು ತಲುಪಬೇಕು, ಅದನ್ನು ಕೂದಲಿನಷ್ಟು ತೆಳುವಾಗಿ ಹೆರೆಯಬೇಕು. ಹೆರೆದದ್ದು ನೆನೆಯದಂತೆ ರೇನ್‌ಕೋಟಿನಡಿ ಬಚ್ಚಿಡಬೇಕು. ನೆಲ ಒದ್ದೆಯಾದ್ದರಿಂದ ಕೆಳಗೆ ಕಡ್ಡಿಗಳ ಹಾಸು. ಇಷ್ಟೆಲ್ಲ ಆದಮೇಲೂ ಮೊದಲ ಕಡ್ಡಿ ಗೀರಿದಾಗ ಬೆರಳು ಮರಗಟ್ಟಿರುತ್ತದೆ, ಕಿಡಿ ಫುಸ್ ಎನ್ನುತ್ತದೆ. ಆಗ ಪಕ್ಕದಲ್ಲಿ ಕೈಕಟ್ಟಿ ನಿಂತು, ನಿಮ್ಮಿಂದ ಬೆಂಕಿಪೊಟ್ಟಣ ಕಸಿದುಕೊಳ್ಳದೆ, "ಇನ್ನೂ ತೆಳುವಾಗಿ ಹೆರಿ" ಎಂದಷ್ಟೇ ಹೇಳುವವರು ನಿಜವಾದ ಗುರು. ತಾವೇ ಹೊತ್ತಿಸಿ ಚಪ್ಪಾಳೆ ಗಿಟ್ಟಿಸುವವರು ಪ್ರದರ್ಶನಕಾರರು. ಅವರಿಗೆ ಟಿಕೆಟ್ಟಿನ ದುಡ್ಡು ಕೊಡಿ, ಕೋರ್ಸಿನ ದುಡ್ಡು ಕೊಡಬೇಡಿ.

ಇನ್ನೊಂದು ಮಾತು. ಅಭಯಾರಣ್ಯದೊಳಗೆ, ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಬೆಂಕಿ ಹಾಕುವುದು ಅಪರಾಧ. ಅಲ್ಲಿ ರಾತ್ರಿ ತಂಗುವುದಕ್ಕೂ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. "ಅದೆಲ್ಲ ನಾವು ನೋಡ್ಕೋತೀವಿ ಬಿಡಿ" ಎನ್ನುವವರ ಹಿಂದೆ ಹೋಗಬೇಡಿ. ಕಾನೂನನ್ನು ಹೀಗೆ ಹಗುರವಾಗಿ ಕಾಣುವವರು ನಿಮ್ಮ ಜೀವವನ್ನೂ ಹಗುರವಾಗಿಯೇ ಕಾಣುತ್ತಾರೆ.

ದುಡ್ಡು ಕಟ್ಟುವ ಮೊದಲು ಸಂಕೋಚ ಬಿಟ್ಟು ಕೇಳಿ. ಹಾವು ಕಚ್ಚಿದರೆ ಏನು ಮಾಡ್ತೀರಿ? ಬಿಗಿಯಾಗಿ ಕಟ್ಟುತ್ತೇವೆ, ಕೊಯ್ದು ವಿಷ ಹೀರುತ್ತೇವೆ ಎಂದರೆ ಅಲ್ಲಿಂದಲೇ ಎದ್ದು ಬನ್ನಿ. ಕಚ್ಚಿಸಿಕೊಂಡವರನ್ನು ನಡೆಸಬಾರದು, ಕಚ್ಚಿದ ಕೈಯೋ ಕಾಲೋ ಅಲುಗದಂತೆ ದಬ್ಬೆ ಕಟ್ಟಬೇಕು, ಪ್ರತಿವಿಷ ಇರುವ ಆಸ್ಪತ್ರೆಗೆ ಹೊತ್ತೊಯ್ಯಬೇಕು. ಬಲ್ಲವರಾದರೆ ಇನ್ನೊಂದನ್ನೂ ಹೇಳುತ್ತಾರೆ: ನಮ್ಮಲ್ಲಿ ಸಿಗುವ ಪ್ರತಿವಿಷ ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ. ಘಟ್ಟದ ಕಾಳಿಂಗಕ್ಕೆ, ಗುಳಿಮಂಡಲಕ್ಕೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಹಾಗಾಗಿ ಹತ್ತಿರದ ಆಸ್ಪತ್ರೆ ಎಷ್ಟು ದೂರ, ಹೊತ್ತು ತರಲು ಎಷ್ಟು ಜನ ಎಂಬ ಲೆಕ್ಕವನ್ನು ಅವರು ಹೊರಡುವ ಮೊದಲೇ ಹಾಕಿರುತ್ತಾರೆ. ಮಲೆನಾಡಿನ ಉಣುಗಿನ ಬಗ್ಗೆಯೂ ಕೇಳಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಪತ್ತೆಯಾದ, ಈ ಉಣುಗು ಹರಡುವ ಮಂಗನ ಕಾಯಿಲೆಯ ಹೆಸರನ್ನೇ ಕೇಳದವರು ಈ ಕಾಡಿನ ಗುರುವಾಗಲಾರರು.

ನನ್ನ ಮೆಚ್ಚಿನ ಪ್ರಶ್ನೆ ಬೇರೆ: "ತುದಿ ಮುಟ್ಟದೆ ಹಿಂದಿರುಗಿದ್ದು ಯಾವಾಗ, ಯಾಕೆ?" ಇದಕ್ಕೆ ಉತ್ತರವಿಲ್ಲದವರು ಒಂದೋ ಹೆಚ್ಚು ಹತ್ತಿಲ್ಲ, ಇಲ್ಲವೋ ಜೊತೆಗಿದ್ದವರ ದಣಿವನ್ನು ಗಮನಿಸಿಲ್ಲ.

ಒಳ್ಳೆಯ ಗುರುಗಳು ಎಲ್ಲಿದ್ದಾರೆ ಎಂದು ಚಿಂತಿಸಬೇಕಿಲ್ಲ. ಡಾರ್ಜಿಲಿಂಗ್‌ನ ಹಿಮಾಲಯ ಪರ್ವತಾರೋಹಣ ಸಂಸ್ಥೆ 1954ರಲ್ಲಿ ಶುರುವಾದಾಗ ಅದರ ಕ್ಷೇತ್ರ ತರಬೇತಿಯ ಹೊಣೆ ಹೊತ್ತವರು ತೇನ್‌ಸಿಂಗ್ ನೋರ್ಗೆ. ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆ 1965ರದು, 1984ರಲ್ಲಿ ಎವರೆಸ್ಟ್ ಏರಿದ ಬಚೇಂದ್ರಿ ಪಾಲ್ ಕಲಿತದ್ದು ಅಲ್ಲಿ. ಸುಮಾರು ನಾಲ್ಕು ವಾರಗಳ ಪ್ರಾಥಮಿಕ ಕೋರ್ಸಿನಲ್ಲಿ ಹಗ್ಗ, ಗಂಟು, ಬಂಡೆ, ಮಂಜುಗಡ್ಡೆ, ಭಾರ ಹೊತ್ತ ನಡಿಗೆ ಎಲ್ಲವೂ ಉಂಟು. ನನಗೆ ಅಲ್ಲಿ ಹಿಡಿಸಿದ್ದು ಮುಖ್ಯವಾಗಿ ಒಂದು: 'ಎ' ಗ್ರೇಡ್ ಬಾರದಿದ್ದರೆ ಮುಂದಿನ ಕೋರ್ಸಿಗೆ ಸೇರಿಸಿಕೊಳ್ಳುವುದಿಲ್ಲ. ಫೇಲ್ ಮಾಡುವ ಎದೆಗಾರಿಕೆ ಇರುವ ಶಾಲೆಯ ಪ್ರಮಾಣಪತ್ರಕ್ಕೇ ಬೆಲೆ. ಇಲ್ಲೇ ಬೇಕೆಂದರೆ ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯಡಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ.

ಹಾಗೆಂದು ಇಂಥ ಶಾಲೆಗಳಲ್ಲಿ ಅಪಾಯವೇ ಇಲ್ಲ ಎಂದಲ್ಲ. 2022ರ ಅಕ್ಟೋಬರ್‌ನಲ್ಲಿ ದ್ರೌಪದಿ ಕಾ ದಂಡಾ ಶಿಖರದಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಜೀವ ಕಳೆದುಕೊಂಡ 25ಕ್ಕೂ ಹೆಚ್ಚು ಮಂದಿ ಉತ್ತರಕಾಶಿ ಸಂಸ್ಥೆಯ ತರಬೇತಿಯಲ್ಲಿದ್ದವರೇ, ಕಲಿಸುವವರೂ ಅವರಲ್ಲಿದ್ದರು. "ನಮ್ಮಲ್ಲಿ ನೂರಕ್ಕೆ ನೂರು ಸೇಫ್" ಎಂಬ ಜಾಹೀರಾತು ಕಂಡರೆ ಈ ಬೆಟ್ಟವನ್ನು ನೆನೆಯಿರಿ.

ಕಾಲೇಜಿನಲ್ಲಿರುವವರು ಎನ್‌ಸಿಸಿ ಸೇರಿ, ಅಲ್ಲಿಂದ ಈ ಕೋರ್ಸುಗಳಿಗೆ ದಾರಿಯಿದೆ. ಕೆಲಸದಲ್ಲಿರುವವರು ಎರಡು ದಿನದ ಪ್ರಥಮ ಚಿಕಿತ್ಸೆ ತರಬೇತಿಯಿಂದ ಶುರು ಮಾಡಿ. ದುಡ್ಡಿಲ್ಲ ಎನ್ನುವವರಿಗೆ ಒಂದು ಮೊಳ ಹಗ್ಗ ಸಾಕು: ಜಾರದ ಕುಣಿಕೆಯೊಂದನ್ನು ಕಲಿತು, ದೀಪ ಆರಿಸಿ, ಕೈ ಒದ್ದೆ ಮಾಡಿಕೊಂಡು, ಬೆನ್ನ ಹಿಂದೆ ಹಾಕುವಷ್ಟು ರೂಢಿ ಮಾಡಿ. ನಾಳೆ ಬೆಳಿಗ್ಗೆಯಿಂದ ಓಟ, ಆಮೇಲೆ ಭಾರದ ಚೀಲ ಹೊತ್ತು ಮೆಟ್ಟಿಲು. ವೈದ್ಯರ ಪ್ರಮಾಣಪತ್ರ ಮಾಡಿಸಿ, ಅಮ್ಮನನ್ನು ಒಪ್ಪಿಸಿ (ಇದೇ ಕಷ್ಟದ ಪರೀಕ್ಷೆ), ಅರ್ಜಿ ಹಾಕಿ. ಈ ಕೋರ್ಸುಗಳ ಸೀಟು ತಿಂಗಳುಗಟ್ಟಲೆ ಮೊದಲೇ ತುಂಬಿಬಿಡುತ್ತವೆ.